ಕಾಣದ ಮೆಕ್ಸಿಕೋದ ಮೇಲೆ ಹೊಟ್ಟೆಕಿಚ್ಚು

ಗಂಡನ ಅಂಗಿಯಲ್ಲಿ ಇನ್ಯಾರದೋ ಮಲ್ಲಿಗೆಯ ಘಮ ಕಂಡುಹಿಡಿದು ಗೋಳಾಡಿದ ಹೆಂಗಸರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನನ್ನ ಪಾಡು ಬೇರೆ. ನಮ್ಮ ಮನೆಯವರ ಅಂಗಿಯ ತೋಳಿನಲ್ಲಿ ನನಗೆ ಸಿಕ್ಕಿದ್ದು ಬೆಂದ ದಪ್ಪ ಮೆಣಸಿನಕಾಯಿಯ ವಾಸನೆ. ಗುಂಡ್ಲುಪೇಟೆಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಒಗೆಯುವ ಕಲ್ಲಿನ ಮುಂದೆ ನಿಂತು, ನೀರಿಗೆ ಅದ್ದಬೇಕಾದ ಆ ಅಂಗಿಯನ್ನು ಮೂಗಿಗೆ ಒತ್ತಿಕೊಂಡು ಮತ್ತೆ ಮತ್ತೆ ಮೂಸಿದೆ. ನಮ್ಮ ಮನೆಗೆ ಆ ತರಕಾರಿ ಬಂದು ಎಷ್ಟೋ ದಿನವಾಗಿತ್ತು. ತೋಳಿನ ಅಂಚಿನಲ್ಲಿ ಟೊಮೆಟೊ ಕಲೆಯೂ ಒಂದಿತ್ತು. ನಗಬೇಡಿ, ಹೊಟ್ಟೆ ಉರಿಯುವುದಕ್ಕೆ ಮಲ್ಲಿಗೆಯೇ ಆಗಬೇಕೆಂದು ಎಲ್ಲೂ ಬರೆದಿಲ್ಲ.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಹೊಸ ಕಚೇರಿಗಳು, ಹೊಸ ಕಚೇರಿಗಳಿಗೆ ಹಳೆಯ ಗುಮಾಸ್ತರು. ಹಾಗೆ ವರ್ಗವಾದವರಲ್ಲಿ ನಮ್ಮ ಮನೆಯವರೂ ಒಬ್ಬರು. ಮಕ್ಕಳ ಶಾಲೆ ಕೆಡಬಾರದೆಂದು ಸಂಸಾರ ಗುಂಡ್ಲುಪೇಟೆಯಲ್ಲೇ ಉಳಿಯಿತು, ಇವರು ಬೆಳಗಿನ ಬಸ್ಸು ಹತ್ತಿ ತೆರಕಣಾಂಬಿಯ ಮೇಲೆ ಹಾದು ಹೋಗುವುದು, ಸಂಜೆಯ ಬಸ್ಸಿಗೆ ಹಿಂದಿರುಗುವುದು ರೂಢಿಯಾಯಿತು. ಕಚೇರಿ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಆ ಹೊತ್ತನ್ನು ಕಳೆಯಲು ನಿಲ್ದಾಣದ ಹಿಂದಿನ ಬೀದಿಯಲ್ಲೇ ನನ್ನ ಮೈದುನನ ಮನೆ ಇತ್ತು, ಆ ಮನೆಯಲ್ಲಿ ನನ್ನ ಓರಗಿತ್ತಿ ಸುಮ ಇದ್ದಳು.

ಸುಮಳ ವಿಷಯ ಹೇಳಲು ಹೊರಟರೆ ನನ್ನ ದನಿ ತಾನಾಗಿ ಒಂದು ಸುತ್ತು ಬಿಗಿಯಾಗುತ್ತದೆ, ಕ್ಷಮಿಸಿ. ಮೈಸೂರಿನಲ್ಲಿ ಹೋಮ್ ಸೈನ್ಸ್ ಓದಿದವಳು, ಕಚೇರಿಯೊಂದರಲ್ಲಿ ಟೈಪಿಸ್ಟು. ಮಡಿಕೆ ಕೆಡದ ಸೀರೆ ಉಟ್ಟು ದುಡಿಯಲು ಹೋಗಿ, ಅದೇ ಮಡಿಕೆಯಲ್ಲಿ ಹಿಂತಿರುಗಿ, ಅದೇ ಸೀರೆಯಲ್ಲಿ ಒಲೆ ಹಚ್ಚುವವಳು. ಮದುವೆಯಲ್ಲಿ ತವರಿನವರು ಕೊಟ್ಟ ಗುಂಡನೆಯ ಕರೆಂಟಿನ ಓವನ್ ಒಂದು ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಹೊಳೆಯುತ್ತ ಕೂತಿರುತ್ತಿತ್ತು. ನಾನು ಅದನ್ನು ಮುಟ್ಟಿದವಳಲ್ಲ, ಮುಟ್ಟಲು ಕೇಳಿದವಳೂ ಅಲ್ಲ.

ನಮ್ಮ ಕಡೆ ಕೋಳಿಯೆಂದರೆ ಭಾನುವಾರದ ಕೆಲಸ. ಬೆಳಿಗ್ಗೆ ಎದ್ದು ನಾಟಿ ಕೋಳಿ ಹಸನು ಮಾಡಿಸಿ, ಒರಳಿನಲ್ಲಿ ಕೊಬ್ಬರಿ, ಗಸಗಸೆ, ಒಣಮೆಣಸಿನಕಾಯಿ ರುಬ್ಬಿ, ಸಾರಿನ ಮೇಲೆ ಎಣ್ಣೆ ಕೆಂಪಗೆ ತೇಲುವ ತನಕ ಕುದಿಸಿದರೆ ಬೀದಿಯ ಕೊನೆಯ ಮನೆಗೂ ಸುದ್ದಿ ಮುಟ್ಟಬೇಕು. ಆ ಸಾರಿಗೆ ನನ್ನ ಅತ್ತೆ, ಬದುಕಿದ್ದಷ್ಟು ದಿನ, ನನ್ನ ಬೇರೆಲ್ಲ ತಪ್ಪುಗಳನ್ನು ಮಾಫಿ ಮಾಡಿದ್ದರು. ಆದರೆ ಆ ವರ್ಷ ಡಾಕ್ಟರು ಇವರ ರಕ್ತ ಪರೀಕ್ಷೆ ಮಾಡಿಸಿ ಕೊಬ್ಬು ಜಾಸ್ತಿಯಾಗಿದೆ, ಎಣ್ಣೆ, ಕೊಬ್ಬರಿ ಎರಡನ್ನೂ ಇಳಿಸಿ ಎಂದುಬಿಟ್ಟರು. ನಾನು ಇಳಿಸಿದೆ. ಇಳಿಸಿದ ಸಾರನ್ನು ಮುದ್ದೆಯ ಜೊತೆ ಇವರು ಮುಖ ಸಣ್ಣಗೆ ಮಾಡಿಕೊಂಡು ನುಂಗಿದರು. ಅದೇ ವೇಳೆಗೆ ಸುಮ, ತನ್ನ ಹೋಮ್ ಸೈನ್ಸಿನ ಪೆಟ್ಟಿಗೆಯಿಂದ ಮೆಕ್ಸಿಕೋ ದೇಶದ ಮಾದರಿಯ ಕೋಳಿ ಅಡುಗೆಯೊಂದನ್ನು ಹೊರಗೆ ತೆಗೆದಳು. ಒಂದೇ ಚಮಚ ಎಣ್ಣೆಯಂತೆ, ಕೊಬ್ಬರಿಯೇ ಇಲ್ಲವಂತೆ, ಕಚೇರಿಯಿಂದ ಬಂದು ಕಾಲು ತೊಳೆದು ಶುರು ಮಾಡಿದರೆ ಇವರ ಬಸ್ಸಿನ ಹೊತ್ತಿಗೆ ಸಿದ್ಧವಂತೆ. ಹಾಗಾಗಿ ಭಾನುವಾರದ ತನಕ ಕಾಯಬೇಕಾದ ಕೋಳಿ ಆ ಮನೆಯಲ್ಲಿ ಮಂಗಳವಾರ, ಬುಧವಾರವೂ ಬೇಯತೊಡಗಿತು.

ಓರಗಿತ್ತಿಯ ಬಳಿ ಹೋಗಿ ‘ಹೇಗೆ ಮಾಡ್ತೀಯಮ್ಮ’ ಎಂದು ಕೇಳುವುದಕ್ಕಿಂತ ನಾಲಗೆ ಕಚ್ಚಿಕೊಳ್ಳುವುದು ಲೇಸು. ಎರಡು ಜಡೆ ಒಂದು ಕಡೆ ಸೇರುವುದಿಲ್ಲವೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದ್ದರಿಂದ ಇವರನ್ನೇ ವಿಚಾರಣೆಗೆ ಗುರಿಪಡಿಸಿದೆ. ಸಂಜೆ ಇವರು ಎಲೆಅಡಿಕೆ ಹಾಕಿಕೊಂಡು ಕೂತಾಗ, ಕಾಳು ಹಸನು ಮಾಡುತ್ತ, ಏನೂ ಅರಿಯದವಳ ಹಾಗೆ ಒಂದೊಂದೇ ಪ್ರಶ್ನೆ ಬಿಡುತ್ತಿದ್ದೆ. ಪಾಪ, ಕಪಟವರಿಯದ ಮನುಷ್ಯ, ಎಲ್ಲವನ್ನೂ ಒಪ್ಪಿಸುತ್ತಿದ್ದರು. ಕೋಳಿಯನ್ನು ಬೇಯಿಸಿ ಎಳೆ ಎಳೆಯಾಗಿ ಬಿಡಿಸುತ್ತಾಳೆ. ಈರುಳ್ಳಿ, ಟೊಮೆಟೊ, ದಪ್ಪ ಮೆಣಸಿನಕಾಯಿ ಬಾಡಿಸಿ, ಬೇಯಿಸಿದ ಮುಸುಕಿನ ಜೋಳದ ಕಾಳು, ಕೆಂಪು ರಾಜ್ಮಾ ಕಾಳು, ಜೀರಿಗೆ, ಖಾರದಪುಡಿ ಸೇರಿಸುತ್ತಾಳೆ. ಪಾತ್ರೆಯ ತಳಕ್ಕೆ ಚಪಾತಿಯ ಚೂರು ಹಾಸಿ, ಮೇಲೆ ಈ ಪಲ್ಯ, ಮತ್ತೆ ಚಪಾತಿ, ಮತ್ತೆ ಪಲ್ಯ, ತುದಿಗೆ ಗಟ್ಟಿ ಮೊಸರು, ಅದರ ಮೇಲೆ ನಾಮಕಾವಸ್ತೆಗೆ ಒಂದಿಷ್ಟು ಚೀಸು ತುರಿದು ಓವನ್ನಿಗೆ ಇಡುತ್ತಾಳೆ. ‘ಹೊಟ್ಟೆ ಭಾರಾನೇ ಆಗಲ್ಲ’ ಎಂದು ಕೊನೆಗೆ ಇವರು ಸೇರಿಸುತ್ತಿದ್ದರು. ಅವರ ಹೊಟ್ಟೆ ಹಗುರವಾದಷ್ಟೂ ನನ್ನ ಎದೆ ಭಾರವಾಗುತ್ತಿತ್ತು.

ಹಿರಿಯ ಮಗಳ ಭೂಪಟದಲ್ಲಿ ಆ ಮೆಕ್ಸಿಕೋವನ್ನು ಹುಡುಕಿ ನೋಡಿದೆ. ನಮ್ಮ ದೇಶದಿಂದ ಆಚೆಯ ಅಂಚಿಗೆ, ಎರಡು ಸಮುದ್ರಗಳ ನಡುವೆ ತನ್ನ ಪಾಡಿಗೆ ತಾನಿತ್ತು. ನನಗೂ ಅದಕ್ಕೂ ಯಾವ ಜನ್ಮದ ವೈರವೋ ಎಂದುಕೊಂಡೆ. ನಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ, ನಮ್ಮ ಹೊಲದ ಮುಸುಕಿನ ಜೋಳ ಎಲ್ಲವೂ ಯಾವುದೋ ಕಾಲದಲ್ಲಿ ಆ ಕಡೆಯಿಂದಲೇ ಹಡಗು ಹತ್ತಿ ಬಂದವು ಎಂಬುದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಎಂದರೆ ನಾನು ಯಾವ ಪರದೇಶವನ್ನು ಶಪಿಸುತ್ತಿದ್ದೆನೋ ಅದನ್ನೇ ದಿನವೂ ನನ್ನ ಒರಳಿನಲ್ಲಿ ಅರೆಯುತ್ತಿದ್ದೆ. ಮಾತ್ಸರ್ಯದ ಸ್ವಭಾವವೇ ಹಾಗೆ, ತನ್ನ ಮನೆಯಲ್ಲಿರುವುದನ್ನು ಕಾಣದೆ ಪಕ್ಕದ ಮನೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತದೆ. ತಿಳಿವಳಿಕೆ ಬಂದ ಮೇಲಾದರೂ ಉರಿ ಕಡಿಮೆಯಾಯಿತೇ ಎಂದು ನೀವು ಕೇಳಿದರೆ, ಇಲ್ಲ.

ನಿಜ ಹೇಳುತ್ತೇನೆ, ನನ್ನನ್ನು ಸುಟ್ಟದ್ದು ಆ ಅಡುಗೆಯಷ್ಟೇ ಅಲ್ಲ. ಮಕ್ಕಳಿಬ್ಬರಿಗೂ ಹೊತ್ತಿಗೆ ಸರಿಯಾಗಿ ಬಡಿಸಿ, ನಾನು ಉಣ್ಣದೆ ಇವರ ದಾರಿ ಕಾಯುತ್ತಿದ್ದೆ. ಇವರು ಬಂದು ‘ಅಲ್ಲೇ ಆಯ್ತು’ ಎನ್ನುತ್ತಿದ್ದರು. ಆಮೇಲೆ ಅಡುಗೆಮನೆ ಸಾರಿಸುವ ನೆಪದಲ್ಲಿ ಒಳಗೆ ಹೋಗಿ, ಆರಿದ ಅನ್ನವನ್ನು ನಿಂತುಕೊಂಡೇ ಎರಡು ತುತ್ತು ನುಂಗುತ್ತಿದ್ದೆ. ಹಸಿದು ಬರುವ ಗಂಡಸು ಮನೆಗೆ ಬರುತ್ತಾನೆ, ಉಂಡು ಬರುವವನು ಮಲಗುವುದಕ್ಕೆ ಬರುತ್ತಾನೆ. ಕಾದಿದ್ದೆ ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುವಿರಿ. ಹರದನಹಳ್ಳಿಯ ನನ್ನ ತವರಿನಲ್ಲಿ, ಗಂಡನ ಮುಂದೆ ಹಸಿವು ಹೇಳಿಕೊಂಡವಳ ಕಾಯುವಿಕೆಗೆ ಬೆಲೆಯಿಲ್ಲವೆಂದು ನನ್ನವ್ವ ನನಗೆ ಕಲಿಸಿದ್ದಳು. ಕೆಟ್ಟ ಪಾಠಗಳೇ ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ.

ಸೋಮವಾರ ಮಾತ್ರ ಇವರು ಹಸಿದು ಬರುತ್ತಿದ್ದರು. ಸೋಮವಾರ ಮಾದಪ್ಪನ ವಾರ. ನನ್ನದು ಒಪ್ಪೊತ್ತು, ಹಗಲೆಲ್ಲ ಉಪವಾಸವಿದ್ದು ಸಂಜೆ ದೀಪ ಹಚ್ಚಿ ಒಂದೇ ಊಟ. ಆ ದಿನ ಇವರು ಬಂದು ಕೈಕಾಲು ತೊಳೆದು, ವಿಭೂತಿ ಧರಿಸಿ, ನನ್ನ ಜೊತೆಯಲ್ಲೇ ಕೂತು ಅನ್ನ, ಹುರುಳಿಕಾಳಿನ ಸಾರು ಉಣ್ಣುತ್ತಿದ್ದರು. ಈಗ ನನ್ನ ಸಂಕಟ ನೋಡಿ. ಗಂಡ ಹಸಿದು ಬರುವ ಒಂದೇ ಸಂಜೆ, ಮನೆಯೊಳಗೆ ಕೋಳಿಯ ಹೆಸರೆತ್ತಬಾರದ ಸಂಜೆ. ಸುಮಳನ್ನು ಸುಮಳ ಆಯುಧದಿಂದಲೇ ಸೋಲಿಸೋಣವೆಂದರೆ ದೇವರೇ ಅವಳ ಪಕ್ಷ ವಹಿಸಿದ ಹಾಗಿತ್ತು. ಸೋಮವಾರ ಆ ಮನೆಯಲ್ಲಿ ಕೋಳಿ ಇರುವುದಿಲ್ಲ, ಅದಕ್ಕೇ ಇವರಿಗೆ ನನ್ನ ನೆನಪಾಗುತ್ತದೆ ಎಂದು ಲೆಕ್ಕ ಹಾಕಿ ಇನ್ನಷ್ಟು ಉರಿದುಕೊಂಡೆ.

ಒಂದು ಮಂಗಳವಾರ ತಡೆಯಲಾಗಲಿಲ್ಲ. ಬೆಳಿಗ್ಗೆ ಹೊರಡುವಾಗ ‘ಇವತ್ತು ಬೇಗ ಬನ್ನಿ’ ಎಂದಷ್ಟೇ ಹೇಳಿದೆ. ಬೇಗ ಬನ್ನಿ ಎಂದರೆ ಉಣ್ಣದೆ ಬನ್ನಿ ಎಂದು ಅರ್ಥವಾಗಬೇಕೆಂದು ನಾನೇ ನಿರ್ಧರಿಸಿಕೊಂಡೆ. ಪೇಟೆಯಿಂದ ಫಾರಂ ಕೋಳಿ ತಂದು ಚರ್ಮ ತೆಗೆಸಿದೆ. ರಾಜ್ಮಾ ಇರಲಿಲ್ಲ, ಅಲಸಂದೆ ಬೇಯಿಸಿದೆ. ಚೀಸು ಇರಲಿಲ್ಲ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆ. ಅವಳು ಒಂದು ಚಮಚ ಎಣ್ಣೆ ಹಾಕಿದರೆ ನಾನು ಅರ್ಧ ಹಾಕಿದೆ, ಹಗುರತನದಲ್ಲೂ ಸೋಲಬಾರದಲ್ಲ. ಓವನ್ ಇರಲಿಲ್ಲ, ಅಗಲವಾದ ಹಳೆಯ ಬೋಸಿಯಲ್ಲಿ ಮರಳು ತುಂಬಿ ಒಲೆಯ ಮೇಲೆ ಕಾಯಿಸಿ, ಅದರ ನಡುವೆ ಅಡುಗೆಯ ಪಾತ್ರೆ ಹೂತು, ಮುಚ್ಚಳದ ಮೇಲೆ ಕೆಂಡ ಹರಡಿದೆ. ಹಿತ್ತಿಲಿಗೂ ಒಳಕ್ಕೂ ಓಡಾಡಿ ಮೈಯೆಲ್ಲ ಬೆವರಿತು, ಸೀರೆಯ ಮಡಿಕೆ ಯಾವಾಗಲೋ ಕೆಟ್ಟಿತ್ತು. ಮಕ್ಕಳಿಗೆ ಮೊದಲೇ ಅನ್ನ ಸಾರು ಬಡಿಸಿ, ಇದು ಅಪ್ಪನಿಗೆ ಎಂದು ಗದರಿದೆ. ಮೆಕ್ಸಿಕೋದ ಯಾವ ತಾಯಿಯೂ ಇಷ್ಟು ಸಿಟ್ಟಿನಿಂದ ಈ ಅಡುಗೆ ಮಾಡಿರಲಾರಳು.

ಇವರು ಬಂದರು. ಬೇಗ ಬರಲಿಲ್ಲ, ದಿನದ ಬಸ್ಸಿಗೇ ಬಂದರು. ಚಪ್ಪಲಿ ಬಿಡುತ್ತಲೇ, “ಅಲ್ಲೇ ಆಯ್ತು ಕಣಮ್ಮಿ, ಸುಮ ಬುಡ್ಲಿಲ್ಲ,” ಎಂದರು. ನಾನು ಪಾತ್ರೆಯನ್ನು ತಂದು ಅವರ ಕಾಲಬುಡದಲ್ಲಿ ಇಟ್ಟು ಮುಚ್ಚಳ ತೆಗೆದೆ. ಅವರು ಬಗ್ಗಿ ನೋಡಿ, ಇದನ್ನು ಯಾಕೆ ಮಾಡಿದೆ ಎಂದು ಕೇಳಿದರು. ಕೇಳಬಾರದಿತ್ತು.

“ಸೋಮಾರ ಒಂದಿನ ನಿಮ್ಗೆ ಮನೆ ಗ್ಯಾನ ಬತ್ತದೆ,” ಎಂದೆ. “ಮಿಕ್ಕಿದ್ ದಿನ ನಾನ್ಯಾರು?”

ಇವರು ಮೆಲ್ಲಗೆ ಹೇಳಿದರು: “ಸೋಮಾರ ನಿನ್ನದು ಒಪ್ಪೊತ್ತು. ನಾ ಬರೋಗಂಟ ನೀ ಉಣ್ಣಲ್ಲ ಅಂತ ಗೊತ್ತು, ಅದ್ಕೇ ಅವ್ರು ಎಷ್ಟು ಕರುದ್ರೂ ಅಲ್ಲಿ ಕಾಫಿನೂ ಮುಟ್ದೆ ಬತ್ತೀನಿ. ಮಿಕ್ಕಿದ್ ದಿನ ಮಕ್ಕಳ್ ಜೊತೇಲಿ ಉಂಡಿರ್ತೀಯ ಅನ್ಕಂಡಿದ್ದೆ ಕಣಮ್ಮಿ.”

“ದಿನಾಲೂ ಕಾಯ್ತೀನಿ,” ಎಂದೆ.

ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಬಿದ್ದಿತ್ತು. ಇವರು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು, ತಾವೇ ಎರಡು ತಟ್ಟೆ ಇಳಿಸಿಕೊಂಡು ಕೂತರು. ತುಂಬಿದ ಹೊಟ್ಟೆಯ ಮೇಲೆ ನಾಲ್ಕು ತುತ್ತು ಬಲವಂತವಾಗಿ ಉಂಡರು. ನಾನು ಉಂಡೆ, ಆದರೆ ಕಣ್ಣೀರು ಮೂಗಿಗೆ ಇಳಿದು ನನಗೆ ಯಾವ ರುಚಿಯೂ ತಿಳಿಯಲಿಲ್ಲ. ರುಚಿಯ ವಿಷಯವನ್ನು ಮರುದಿನ ಬೆಳಿಗ್ಗೆ ಮಕ್ಕಳು ತೀರ್ಮಾನಿಸಿದರು. ಉಳಿದದ್ದನ್ನು ಬಿಸಿ ಮಾಡಿ ಕೊಟ್ಟರೆ ಚಿಕ್ಕವಳು ಮೊದಲ ತುತ್ತಿಗೇ ಮರಳು ಉಗಿದಳು, ದೊಡ್ಡವಳು ಸಪ್ಪೆ ಎಂದಳು. ನಾನೂ ಬಾಯಿಗೆ ಹಾಕಿಕೊಂಡು ನೋಡಿದೆ. ಮಕ್ಕಳು ಸುಳ್ಳು ಹೇಳಿರಲಿಲ್ಲ.

ಬುಧವಾರ ಸಂಜೆ ಇವರು ಹಸಿದು ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ ಇತ್ತು. ನಡೆದದ್ದನ್ನು ಇವರು ತಮ್ಮನ ಮನೆಯಲ್ಲಿ ಹೇಳಿಬಿಟ್ಟಿದ್ದರು, ಹೇಳದೆ ಇರಲಾರದ ಮನುಷ್ಯ. ಅಕ್ಕ ಕಾಯುತ್ತಾರೆಂದು ಮೊದಲೇ ಏಕೆ ಹೇಳಲಿಲ್ಲ ಎಂದು ಸುಮ ಇವರನ್ನು ಚೆನ್ನಾಗಿ ಬೈದಳಂತೆ, ಆಮೇಲೆ ಬಿಸಿಬಿಸಿಯಾಗಿ ಇಬ್ಬರಿಗಾಗುವಷ್ಟು ತುಂಬಿ, ಮನೆಯಲ್ಲೇ ಕೂತು ಉಣ್ಣಿ ಎಂದು ಬಸ್ಸು ಹತ್ತಿಸಿದಳಂತೆ. ಇಷ್ಟು ದಿನ ವಾಸನೆಯಿಂದ, ಕಲೆಯಿಂದ, ಇವರ ಬಾಯಿಯ ವರ್ಣನೆಯಿಂದ ಮಾತ್ರ ನಾನು ಬಲ್ಲ ಆ ಅಡುಗೆ ಮೊದಲ ಸಲ ನನ್ನ ತಟ್ಟೆಗೆ ಬಿತ್ತು. ಕೆಟ್ಟದಾಗಿರಲಿ ಮಾದಪ್ಪ, ಒಂದು ಉಪ್ಪಾದರೂ ಜಾಸ್ತಿಯಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ತುತ್ತು ಬಾಯಿಗಿಟ್ಟೆ. ಉಪ್ಪು ಹದವಾಗಿತ್ತು. ಖಾರ ಹದವಾಗಿತ್ತು. ಇವರು ಎದುರಿಗೆ ಕೂತು, ತಾವು ಉಣ್ಣುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನದಕ್ಕಿಂತ ಚೆನ್ನಾಗಿತ್ತು, ಬಹಳ ಬಹಳ ಚೆನ್ನಾಗಿತ್ತು, ಹೊಟ್ಟೆ ಧಗಧಗ ಉರಿಯಿತು. ಆ ಉರಿಯುವ ಹೊಟ್ಟೆಗೇ ಎರಡನೆಯ ಸಲವೂ ಬಡಿಸಿಕೊಂಡೆ.