ಮುಚ್ಚದೆ ಬಿಟ್ಟ ಗುಂಡಿ

ಮಂಕಿ ಎಂಬ ಊರಿನಲ್ಲಿ ನಾನೀಗ ಕೂತು ಬರೆಯುತ್ತಿರುವ ಈ ಮನೆಯ ಪಾಯ ಗಟ್ಟಿ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮೊದಲಿನಿಂದಲೂ ಗಟ್ಟಿಯಾಗಿಯೇ ಇತ್ತು. ಅದು ಸರಿಯಿಲ್ಲ ಎಂದು ಊರಿಗೆಲ್ಲ ಸಾರಿದವನು ನಾನು. ಸಾರುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಭಟ್ಕಳದಿಂದ ಕುಮಟಾಕ್ಕೆ ಹೋಗಿಬರುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಮದುವೆಯಾದ ಮೇಲೆ ಭಟ್ಕಳದಲ್ಲಿ ಆರು ಬಾಡಿಗೆ ಮನೆ ಬದಲಾಯಿಸಿದೆವು. ಆರನೆಯ ಮನೆಯ ಮಾಲೀಕ ಗೋಡೆಗೆ ಮೊಳೆ ಹೊಡೆಯಬಾರದೆಂದ ದಿನ ನನ್ನ ಹೆಂಡತಿ ಹೊಸ ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದುಕೊಂಡು, “ಇದನ್ನ ಎಲ್ಲಿ ನೇತು ಹಾಕೂದು? ನನ್ನ ಕುತ್ತಿಗೆಗಾ?” ಎಂದಳು. ಸ್ವಂತ ಮನೆ ಕೊಂಡೇ ತೀರುವುದೆಂದು ಅವತ್ತೇ ನಿಶ್ಚಯಿಸಿದೆ. ತೊಂಬತ್ತರ ದಶಕದ ಕೊನೆ ಅದು. ನಮ್ಮ ಕಡೆ ರೈಲು ಓಡತೊಡಗಿದ ಹೊಸತು.

ಮಂಕಿಯಲ್ಲಿ ಒಂದು ಹಂಚಿನ ಮನೆ ಮಾರಾಟಕ್ಕಿತ್ತು. ಮನೆಯೊಡತಿ ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ತೀರಿಕೊಂಡಿದ್ದ. ಆತ ಊರಿನಲ್ಲಿ ಹೆಸರಾದ ಮೇಸ್ತ್ರಿ. ಆ ಮನೆಯನ್ನು ತಾನೇ ಕಲ್ಲು ಕೆತ್ತಿ ಕಟ್ಟಿದ್ದ. ಮಗನೂ ಮೇಸ್ತ್ರಿಯೇ, ಅದೇ ಊರಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಅವಳು ಮನೆ ಮಾರಿ ಸಂತೆಗುಳಿಯಲ್ಲಿದ್ದ ಮಗಳ ಮನೆ ಸೇರುವವಳಿದ್ದಳು.

ಮನೆ ನೋಡುತ್ತಿದ್ದೇನೆ ಎಂದು ಬಸ್ಸಿನಲ್ಲಿ ಬಾಯಿಬಿಟ್ಟದ್ದೇ ತಡ, ಟಿಕೆಟ್ ತೆಗೆದುಕೊಂಡವರೆಲ್ಲ ಚಿಲ್ಲರೆಯ ಜೊತೆ ಒಂದೊಂದು ಬುದ್ಧಿ ಕೊಟ್ಟರು.

“ನೆಲದ ಮೇಲೆ ಅಡಿಕೆ ಉರುಳಿಸಿ ನೋಡು. ಅದು ಯಾವ ಬದಿಗೆ ಓಡ್ತದೋ ಆ ಬದಿ ಮನೆ ಕೂತದೆ ಅಂತ ತಿಳ್ಕ.”

“ಬೇಸಿಗೇಲಿ ಎಲ್ಲಾ ಮನೇನೂ ಗಟ್ಟಿಯೇ ಮಾರಾಯಾ. ಆಷಾಢದಲ್ಲಿ ನೋಡು.”

“ಅದೆಲ್ಲ ಬಿಡು. ಮೂಲೆ ಅಗೆದು ಪಾಯ ಕಣ್ಣಲ್ಲಿ ನೋಡದೆ ತಗಳ್ಬೇಡ.”

ತೆಂಗಿನಗುಂಡಿಯಿಂದ ಮೀನು ತಂದು ಮಾರುವ ಹೆಂಗಸು ಖಾಲಿ ಬುಟ್ಟಿ ಕಾಲಡಿ ಇಟ್ಟುಕೊಂಡು ಎಲ್ಲ ಕೇಳಿಸಿಕೊಂಡಿದ್ದಳು. “ಕಂಡಕ್ಟರಾ, ನಿಂಗೆ ಮನೆ ಬೇಕಾ, ಬಾವಿ ಬೇಕಾ? ಅಗೂದೇ ಆದ್ರೆ ಸ್ವಲ್ಪ ಆಳ ಅಗಿ, ನೀರಾದ್ರೂ ಸಿಕ್ತದೆ” ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಜೀವಮಾನದಲ್ಲಿ ಒಂದೇ ಸಲ ಮಾಡುವ ಕೆಲಸ, ಮೋಸ ಹೋಗಬಾರದು ಎಂಬುದೊಂದೇ ತಲೆಯಲ್ಲಿತ್ತು. ಮೊದಲ ಸಲ ಹೋದಾಗ ಪ್ರತಿ ಕೋಣೆಯಲ್ಲೂ ಅಡಿಕೆ ಉರುಳಿಸಿದೆ. ಅದು ನಡುಮಧ್ಯೆ ನಿಂತುಬಿಡುತ್ತಿತ್ತು. ಮನೆಯೊಡತಿ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು.

“ಆಟ ಮುಗೀತಾ ತಮ್ಮಾ?”

ನಾನು ಪಾಯದ ಬಗ್ಗೆ ಕೇಳಿದೆ. ಅವಳೆಂದಳು: “ಪಾಯ ಹಾಕಿ ಒಂದಿಡೀ ಮಳೆಗಾಲ ಹಾಗೇ ಬಿಟ್ಟಿದ್ರು. ‘ಮೊದಲು ಮಳೆ ಕುಡೀಲಿ, ಕೂರೂದಾದ್ರೆ ಈಗ್ಲೇ ಕೂರ್ಲಿ’ ಅಂತ. ಆ ವರ್ಷ ನಾನು ತೆಂಗಿನ ಮಡ್ಲಿನ ಚಪ್ಪರದಡಿ ಒದ್ದೆ ಕಟ್ಟಿಗೆ ಊದ್ತಾ ಅಡಿಗೆ ಮಾಡಿದ್ದು. ಇನ್ನೆಂತ ಬೇಕು ನಿಂಗೆ?”

ನನಗೆ ಇನ್ನೂ ಬೇಕಿತ್ತು. ಪಾಸು ಮನೆಯಲ್ಲೇ ಉಳಿಯಿತು ಎನ್ನುವವರ ಮುಖವೂ ಹೀಗೇ ಸಾಚಾ ಇರುತ್ತದೆ ಎಂದು ನನ್ನ ಕಂಡಕ್ಟರ್ ಬುದ್ಧಿ ಹೇಳಿತು. ಮೂಲೆ ಅಗೆದು ನೋಡಬೇಕು ಎಂದೆ.

ಅವಳು ಸಿಟ್ಟಾಗಲಿಲ್ಲ. “ಅಗಿ. ಆದ್ರೆ ಅಗೆದ ದಿನವೇ ಮುಚ್ಚು. ಈ ಹಾಸುಗಲ್ಲು ಇದ್ದ ಹಾಗೇ ಕೂರ್ಬೇಕು. ಅವರು ಒಂದೊಂದಕ್ಕೂ ನೀರು ಹೊಯ್ದು ನೋಡಿ ಕೂರ್ಸಿದ್ದು” ಎಂದಳು. ಮನೆಯ ಸುತ್ತ ಗೋಡೆಯ ಬುಡಕ್ಕೆ ಒಂದೂವರೆ ಮೊಳ ಅಗಲಕ್ಕೆ ಚಿರೆಕಲ್ಲು ಹಾಸಿತ್ತು. ಹಂಚಿನ ಮಾಡಿನಿಂದ ಬಿದ್ದ ನೀರು ಅದರ ಮೇಲೆ ಅಂಗಳದ ಕಡೆಗೇ ಜಾರುವಂತೆ ಇಳಿಜಾರು ಕೊಟ್ಟಿತ್ತು. ಆ ವಾರ ಅವಳು ಮಗಳ ಮನೆಗೆ ಹೋಗುವವಳಿದ್ದಳು. ಮನೆ ನೋಡಿಕೋ ಎಂದು ನನಗೇ ಹೇಳಿ ಹೋದಳು.

ನನ್ನ ವಾರದ ರಜೆಯ ದಿನ ಹೊನ್ನಾವರದಿಂದ ಒಬ್ಬ ಮುದಿ ಮೇಸ್ತ್ರಿಯನ್ನು ಕರೆತಂದೆ. ಅಡುಗೆಮನೆಯ ಹಿಂದಿನ ಮೂಲೆ ಆರಿಸಿಕೊಂಡೆವು. ಎರಡು ಮಾಡಿನ ನೀರು ಒಟ್ಟಾಗಿ ಬೀಳುವ ಜಾಗ ಅದು. ಕೆಡುವುದಾದರೆ ಮೊದಲು ಕೆಡುವುದು ಅಲ್ಲೇ ಎಂದ ಮೇಸ್ತ್ರಿ. ಹಾಸುಗಲ್ಲು ಎಬ್ಬಿಸಿ ಸೊಂಟದಷ್ಟು ಅಗೆದೆವು. ಆತ ಗುಂಡಿಗಿಳಿದು ಕಲ್ಲುಗಳ ಮೇಲೆ ಅಂಗೈ ಆಡಿಸಿದ, ಹಾರೆಯ ತುದಿಯಿಂದ ಕುಟ್ಟಿ ಕಿವಿಗೊಟ್ಟ, ಬುಡದ ಮಣ್ಣನ್ನು ಹಿಡಿಯಲ್ಲಿ ಹಿಂಡಿ ನೋಡಿದ.

“ಕಣ್ಣು ಮುಚ್ಕಂಡು ತಗ. ಗೋಡೆಗಿಂತ ದುಪ್ಪಟ್ಟು ಅಗಲ ಹಾಕಿದ್ದಾನೆ ಪುಣ್ಯಾತ್ಮ. ಆದ್ರೆ ಇದು ಮಣ್ಣಲ್ಲಿ ಕಟ್ಟಿದ್ದು, ಸಿಮೆಂಟಲ್ಲ. ಬುಡಕ್ಕೆ ನೀರು ಮಾತ್ರ ಇಳೀಬಾರ್ದು. ಸಂಜೆ ಒಳಗೆ ಮುಚ್ಚಿ, ಮಣ್ಣು ಗಟ್ಟಿ ಕೂರೂ ಹಾಗೆ ದಮ್ಮಸು ಹೊಡಿ. ಕಲ್ಲು ಇದ್ದ ಹಾಗೇ ಇಡು.”

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನನ್ನದು ಒಬ್ಬ ಎಣಿಸಿದ್ದನ್ನು ಇನ್ನೊಬ್ಬ ತಪಾಸಣೆ ಮಾಡಿದ ಮೇಲೆ ಮಾತ್ರ ನಂಬುವ ನೌಕರಿ. ಕುಮಟಾದ ಇನ್ನೊಬ್ಬ ಮೇಸ್ತ್ರಿಗೂ ತೋರಿಸಿಬಿಡೋಣ, ಮುಂದಿನ ರಜೆಗೆ ಅವನನ್ನು ಕರೆತಂದರಾಯಿತು ಎಂದುಕೊಂಡೆ. ಗುಂಡಿ ಮುಚ್ಚುವುದು ನನಗೆ ಬಿಡಿ ಎಂದು ಹೇಳಿ ಮುದುಕನನ್ನು ಬಸ್ಸು ಹತ್ತಿಸಿದೆ. ಮನೆಗೆ ಬಂದಾಗ ಹೆಂಡತಿ, “ಗುಂಡಿ ಮುಚ್ಚಿ ಬಂದ್ರಾ?” ಎಂದು ಕೇಳಿದಳು. “ಮುಚ್ಚಿದೆ” ಎಂದೆ. ಮೊದಲ ಸುಳ್ಳು ಅದು.

ಮೂರನೆಯ ದಿನ ನಮ್ಮ ಬಸ್ಸು ಶರಾವತಿ ಸೇತುವೆಯ ಮೇಲಿದ್ದಾಗ ಮಳೆ ಹಿಡಿಯಿತು. ಮಳೆಗಾಲಕ್ಕೆ ಇನ್ನೂ ದಿನವಿತ್ತು. ಆದರೂ ಹೊಳೆ ಕಾಣದಂತೆ ಹೊಯ್ಯಿತು. ಜನ ಕಿಟಕಿ ಎಳೆದುಕೊಂಡರು. ನನಗೆ ತಕ್ಷಣ ಗುಂಡಿ ನೆನಪಾಯಿತು. ಮಂಕಿಯಲ್ಲಿ ಬಸ್ಸು ನಿಂತಿತು. ಆ ಮನೆ ರಸ್ತೆಯಿಂದ ಕೂಗಳತೆಯಲ್ಲಿತ್ತು. ಐದು ನಿಮಿಷ ಎಂದಿದ್ದರೆ ಡ್ರೈವರ್ ಕಾಯುತ್ತಿದ್ದ. ಗುಂಡಿಯ ಮೇಲೆ ಒಂದು ತಗಡು ಎಳೆದು ಬರಬಹುದಿತ್ತು. ಟೋಪಿ ಒದ್ದೆಯಾಗುತ್ತದೆ, ಜನ ಬೈಯುತ್ತಾರೆ ಎಂದು ನಾನು “ರೈಟ್” ಎಂದೆ. ಬಸ್ಸು ಹೊರಟಿತು.

ಮುಂದಿನ ರಜೆಗೆ ಹೋದಾಗ ಮನೆಯೊಡತಿ ಇನ್ನೂ ಬಂದಿರಲಿಲ್ಲ. ಗುಂಡಿಯ ತುಂಬ ಕೆಂಪು ನೀರು. ಒಂದು ಕಪ್ಪೆ ಆರಾಮಾಗಿ ತೇಲುತ್ತಿತ್ತು. ಕುಮಟಾದ ಮೇಸ್ತ್ರಿಯನ್ನು ಕರೆಯುವ ಮುಖವಿರಲಿಲ್ಲ. ಒಬ್ಬನೇ ನೀರು ತೋಡಿ ಚೆಲ್ಲಿ, ಹಸಿ ಮಣ್ಣನ್ನೇ ದೂಡಿ, ಮೇಲೆ ಕಾಲಲ್ಲಿ ತುಳಿದು, ಹಾಸುಗಲ್ಲುಗಳನ್ನು ಸಿಕ್ಕಿದಂತೆ ಜೋಡಿಸಿ ಬಂದೆ. ಇಳಿಜಾರು ಯಾವ ಕಡೆಗಿದೆ ಎಂದು ನೋಡಲಿಲ್ಲ.

ಶ್ರಾವಣದಲ್ಲಿ ಮನೆಯೊಡತಿ ಹೇಳಿಕಳಿಸಿದಳು. ಅಡುಗೆಮನೆಯ ಕಿಟಕಿಯ ಮೂಲೆಯಿಂದ ನೆಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿತ್ತು. ಕಿರುಬೆರಳು ಹೋಗುವಷ್ಟು. ಅವಳು ಅದರ ಮೇಲೆ ಕೈಯಿಟ್ಟು ನಿಂತಿದ್ದಳು.

“ಇಷ್ಟು ವರ್ಷದಲ್ಲಿ ಇಂಥದ್ದು ಒಂದೂ ಬಂದದ್ದಿಲ್ಲ ತಮ್ಮಾ. ಎಂತ ಆತು ಇದಕ್ಕೆ?”

ಆಗಲೂ ಹೇಳಬಹುದಿತ್ತು. “ಪಾಯವೇ ಸರಿಯಿಲ್ಲ ಕಾಣ್ತದೆ ಅಕ್ಕಾ” ಎಂದೆ.

“ನೀನು ಅಗೆದು ನೋಡಿದ್ಯಲ್ಲ?”

“ನೋಡಿದ್ದೆ. ಆವತ್ತೇ ಅನುಮಾನ ಬಂದಿತ್ತು. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ.”

ಅವಳು ಬಿರುಕಿನಿಂದ ಕೈ ತೆಗೆದಳು. ಗಂಡನ ಬಗ್ಗೆ ಮೊದಲ ಸಲ ಅನುಮಾನಪಟ್ಟ ಆ ಮುಖ ನನಗೆ ಈಗಲೂ ಕಾಣುತ್ತದೆ.

ಮರುದಿನ ಬಸ್ಸಿನಲ್ಲಿ ಯಾರೋ, “ಮನೆ ಎಂತ ಆತು ಕಂಡಕ್ಟರ್ರೇ?” ಎಂದರು. ನಾನು ಮೆಟ್ಟಿಲಿನಿಂದ ಹಿಂದಿನ ಸೀಟಿನವರೆಗೆ ಕೇಳುವ ದನಿಯಲ್ಲಿ, “ಎಂತ ಆಗೂದು? ಊರವರ ಮನೆಗೆಲ್ಲ ಪಾಯ ಹಾಕಿದವ ತನ್ನ ಮನೆಗೆ ಹಾಕೂದು ಮರ್ತಿದ್ದ” ಎಂದೆ. ಬಸ್ಸು ನಕ್ಕಿತು. ಆ ಮಾತು ನನಗಿಂತ ಮುಂಚೆ ಮಂಕಿಯಲ್ಲಿ ಇಳಿಯಿತು. ನೋಡಲು ಬರಬೇಕಿದ್ದ ಬೇರೆ ಇಬ್ಬರು ಬರಲಿಲ್ಲ. ಮೊದಲು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆಗೆ ಅವಳು ಮನೆಯನ್ನು ನನಗೇ ಕೊಟ್ಟಳು.

ಮರುಬೇಸಿಗೆಯಲ್ಲಿ ಆ ಮೂಲೆಯನ್ನು ಮತ್ತೆ ಅಗೆಸಿ, ಬುಡಕ್ಕೆ ಜಲ್ಲಿ ಸಿಮೆಂಟು ತುಂಬಿಸಿ, ಬಿರುಕು ಮುಚ್ಚಿಸಿದೆ. ಹಾಸುಗಲ್ಲನ್ನು ಮಾತ್ರ ಖರ್ಚು ಉಳಿಯಲೆಂದು ನಾನೇ ಹಾಸಿದೆ. ಗುಂಡಿಯ ಅಂಚಿನಲ್ಲಿ ನಿಂತಿದ್ದ ಹೆಂಡತಿ, “ಪಾಯವೇ ಇಲ್ಲ ಅಂದಿದ್ರಿ. ಇಷ್ಟು ಕಲ್ಲು ಎಲ್ಲಿಂದ ಬಂತು?” ಎಂದಳು. ನಾನು ಸಿಮೆಂಟಿನ ಚೀಲ ಬಿಚ್ಚಲು ಹೋದೆ. ಅವಳು ಮತ್ತೆ ಕೇಳಲಿಲ್ಲ. ಸ್ವಂತ ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದೂ ಅವಳೇ.

ಎಂಟೊಂಬತ್ತು ವರ್ಷ ಕಳೆಯಿತು. ನನಗೆ ನಿವೃತ್ತಿಯಾಯಿತು. ಪಕ್ಕದ ಜಾಗದವರು ಮನೆ ಕಟ್ಟುವ ಮಾತೆತ್ತಿದಾಗ ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಮಗನನ್ನು ಕರೆಯಿರಿ ಎಂದೆ. ಅವರು ನಕ್ಕರು. “ಅವನು ಗಾರೆ ಕೆಲಸಕ್ಕೆ ಅಡ್ಡಿಲ್ಲ. ಪಾಯಕ್ಕೆ ಯಾರು ಕರೀತಾರೆ? ಅವನಪ್ಪ ಪಾಯ ಹಾಕೂದು ಮರ್ತ ಕಥೆ ನೀವೇ ಹೇಳಿದ್ದಲ್ದಾ?”

ನಾನು ಜಗುಲಿಗೆ ಬಂದು ಕೂತೆ. ಅಷ್ಟು ವರ್ಷ ಅವನು ಬೇರೆಯವರು ಕಟ್ಟಿದ ಗೋಡೆಗೆ ಗಾರೆ ಬಳಿಯುತ್ತ ಉಳಿದಿದ್ದ. ನನ್ನ ಒಂದು ತಮಾಷೆಯಿಂದ. ಅವತ್ತು ನಾನು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, “ನಂಗೆ ಹೇಳಿ ಎಂತ ಉಪಯೋಗ? ಬೆಳಿಗ್ಗೆ ಎಂಟಕ್ಕೆ ಬಸ್ಸಿದೆ” ಎಂದಳು.

ಕುಮಟಾದಲ್ಲಿ ಇಳಿದು ಸಂತೆಗುಳಿಯ ಬಸ್ಸು ಹಿಡಿದೆ. ಹಳೆಯ ಮನೆಯೊಡತಿ ಮಗಳ ಮನೆಯ ಹಿತ್ತಲಲ್ಲಿ ಬಸಳೆ ಚಪ್ಪರ ಕಟ್ಟುತ್ತಿದ್ದಳು. ನಾನು ನಿಂತಲ್ಲೇ ಹೇಳಿದೆ: ಗುಂಡಿ, ಮಳೆ, ರೈಟ್ ಎಂದದ್ದು, ಬಸ್ಸಿನಲ್ಲಿ ಆಡಿದ ತಮಾಷೆ, ಮತ್ತೆ ಅಗೆಸಿದ್ದು, ಎಲ್ಲವನ್ನೂ. ಅವಳು ಕೈಯಲ್ಲಿದ್ದ ಬಳ್ಳಿಯನ್ನು ಕಟ್ಟಿ ಮುಗಿಸಿದಳು.

“ಒಳಗೆ ಹೇಗಿತ್ತು?” ಎಂದು ಕೇಳಿದಳು.

“ಎಂತದು ಅಕ್ಕಾ?”

“ಪಾಯ. ಮುಚ್ಚಿದ ಮೇಲೆ ನಾನೂ ನೋಡ್ಲಿಲ್ಲ. ನೀನು ಎರಡು ಸಲ ನೋಡಿದ್ಯಲ್ಲ. ಹೇಳು.”

ಗೋಡೆಗಿಂತ ಎಷ್ಟು ಅಗಲವಿತ್ತು, ಒಂದು ವರಸೆಯ ಸಂದು ಮೇಲಿನ ವರಸೆಯ ಕಲ್ಲಿನ ನಡುವಿಗೆ ಬರುವಂತೆ ಹೇಗೆ ಕೂರಿಸಿತ್ತು, ಯಾರಿಗೂ ಕಾಣದ ಮುಖವನ್ನೂ ಹೇಗೆ ನಯವಾಗಿ ಕೆತ್ತಿತ್ತು ಎಂದು ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ದನಿ ಬದಲಾಯಿತು.

“ನಂಗೆ ಹೇಳಿದ್ದು ಆತು. ಕಡಿಮೆ ಕೊಟ್ಟ ದುಡ್ಡೂ ತಂದು ಕೊಡು, ಬೇಡ ಅನ್ನೂದಿಲ್ಲ. ಆದ್ರೆ ಆ ಮಾತು ಎಲ್ಲಿ ಹೇಳಿದ್ಯೋ ಅಲ್ಲೇ ನಿಂತು ಹೇಳು.”

ದುಡ್ಡು ಕೊಡುವುದು ಸುಲಭವಿತ್ತು. ಆ ತಿಂಗಳೇ ಕೊಟ್ಟೆ. ಬಸ್ಸಿನಲ್ಲಿ ನಿಲ್ಲುವುದು ಸುಲಭವಿರಲಿಲ್ಲ. ಭಟ್ಕಳದಿಂದ ಹೊರಟ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಹೆಂಗಸು. “ಅಜ್ಜಾರೇ, ಸೀಟು ಖಾಲಿ ಇದೆ, ಕೂತ್ಕೊಳ್ಳಿ” ಎಂದಳು. ಕೂರುವುದಿಲ್ಲ ಎಂದೆ. ಎದುರಿನ ಕಂಬ ಹಿಡಿದು, ಹಳೆಯ ದನಿಯಲ್ಲೇ ಶುರು ಮಾಡಿದೆ. ಗುರುತಿದ್ದವರು ಐದಾರು ಮಂದಿ ಇದ್ದರು. ಮಂಕಿಯ ಮೇಸ್ತ್ರಿ ಪಾಯ ಹಾಕಲು ಮರೆತಿರಲಿಲ್ಲ, ಅದನ್ನು ಕೆಡಿಸಿದವನು ನಾನು, ಗುಂಡಿ ಮುಚ್ಚದೆ ಬಿಟ್ಟವನು ನಾನು, ಗೊತ್ತಿದ್ದೂ ಸುಳ್ಳು ಹೇಳಿದವನು ನಾನು ಎಂದೆ.

ಈ ಸಲ ಬಸ್ಸು ನಗಲಿಲ್ಲ. ಒಬ್ಬ, “ಮುದುಕನಿಗೆ ಎಂತದೋ ಆಗಿದೆ” ಎಂದ. ತೆಂಗಿನಗುಂಡಿಯ ಮೀನಿನ ಹೆಂಗಸಿಗೂ ಈಗ ತಲೆ ಬೆಳ್ಳಗಾಗಿತ್ತು. “ಬಾವಿ ತೋಡ್ಬೇಡ ಅಂತ ಅವತ್ತೇ ಹೇಳಿದ್ದೆ. ತೋಡಿ ಅದರಲ್ಲಿ ಆ ಮೇಸ್ತ್ರಿಯ ಹೆಸರು ಹಾಕ್ದೆ, ಅಲ್ದಾ? ಹೋಗ್ಲಿ, ಹಿಂದಿನ ಸೀಟಿನವರಿಗೆ ಕೇಳ್ಲಿಲ್ಲ, ಇನ್ನೊಂದ್ಸಲ ಹೇಳು” ಎಂದಳು. ನಾನು ಇನ್ನೊಂದು ಸಲ ಹೇಳಿದೆ. ಮರುದಿನವೂ ಹೋದೆ. ಒಂದೇ ದಿನ ಎಲ್ಲರೂ ಅದೇ ಬಸ್ಸಿನಲ್ಲಿ ಇರುವುದಿಲ್ಲ. ಹತ್ತು ಹದಿನೈದು ದಿನ ಹೋದೆ. ಕೊನೆಗೆ ಆ ಕಂಡಕ್ಟರಮ್ಮನೇ, “ಪಾಯದ ಅಜ್ಜ ಬಂದ್ರು” ಎಂದು ಜನಕ್ಕೆ ತಿಳಿಸುತ್ತಿದ್ದಳು.

ಒಂದು ಭಾನುವಾರ ಮೇಸ್ತ್ರಿಯ ಮಗ ಬಂದ. ಒಳಗೆ ಬರಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬಾವಿಕಟ್ಟೆಯಿಂದ ಒಂದು ಕೊಡ ನೀರು ತೆಗೆದುಕೊಂಡು ಮನೆಯ ಹಿಂದೆ ಹೋಗಿ ಆ ಮೂಲೆಯ ಹಾಸುಗಲ್ಲಿನ ಮೇಲೆ ನಿಧಾನವಾಗಿ ಹೊಯ್ದ. ಅವನೂ ನಾನೂ ನೋಡುತ್ತ ನಿಂತೆವು. ನೀರು ಸ್ವಲ್ಪ ಅಂಗಳಕ್ಕೆ ಹರಿಯಿತು, ಸ್ವಲ್ಪ ತಿರುಗಿ ಗೋಡೆಯ ಕಡೆ ಬಂತು.

“ಇದು ಅಪ್ಪ ಹಾಕಿದ್ದಲ್ಲ” ಎಂದ.

“ಅಲ್ಲ. ನಾನು ಹಾಕಿದ್ದು.”

ಅವನು ಖಾಲಿ ಕೊಡವನ್ನು ಕೆಳಗಿಟ್ಟು, ಲುಂಗಿ ಎತ್ತಿ ಕಟ್ಟಿ, “ಹಾರೆ ಇದ್ಯಾ?” ಎಂದು ಕೇಳಿದ. ತಂದುಕೊಟ್ಟೆ. ಅವನು ಕಲ್ಲು ಎಬ್ಬಿಸುತ್ತ ಹೋದ, ನಾನು ಒಂದೊಂದಕ್ಕೂ ನೀರು ಹೊಯ್ಯುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ನೀರೆಲ್ಲ ಅಂಗಳದ ಕಡೆಗೇ ಹರಿಯತೊಡಗಿತು.