ಹೆಬ್ಬೆರಳಿನ ಕೆಳಗಿದ್ದ ಅಂಕಿ

ತಂಗೀ ಗಿರಿಜಾ, ನಿನ್ನ ತಾಳ ತಪ್ಪಿರಲಿಲ್ಲ. ತಪ್ಪಿಸಿದವನು ನಾನು — ಈ ಸಂಶಿಯ ಅರ್ಧ ಊರಿಗೆ ಇಂಟರ್‌ನೆಟ್ ಕೊಡುವ, ನೀನು ಬಾಯಿ ತುಂಬ ಅಣ್ಣಾ ಎಂದು ಕರೆಯುವ ಮಲ್ಲಪ್ಪ. ಆರು ವರ್ಷ ಈ ಮಾತು ಗಂಟಲಲ್ಲೇ ಉಳಿಯಿತು. ಹೇಳಿಬಿಡಬೇಕೆಂದು ಹೊರಟಾಗಲೆಲ್ಲ ನಿಮ್ಮ ಮನೆಯ ಚಹಾ ಕುಡಿದು, ಮಳೆ-ಬೆಳೆಯ ಮಾತಾಡಿ ವಾಪಸು ಬಂದಿದ್ದೇನೆ. ಅಂಥ ಪುಕ್ಕಲ ನಾನು.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದೂ ಬರುತ್ತದೆ, ಸಹಿಸಿಕೋ. ನನ್ನ ಅಂಗಡಿಗೆ ಬರುವುದು ಒಂದೇ ಲೈನು. ನಾನು ನೆಟ್ ಕೊಟ್ಟ ಮನೆಗಳೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಸಂಜೆಯಾದರೆ ಎಲ್ಲರೂ ಒಮ್ಮೆಲೇ ನುಗ್ಗುತ್ತಾರೆ. ಅದಕ್ಕೆಂದೇ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇದೆ — ಯಾವ ಮನೆಗೆ ಎಷ್ಟು ವೇಗ, ಯಾವ ಮನೆಯದು ಎಷ್ಟು ಹೊತ್ತು ಸರದಿಯಲ್ಲಿ ಕಾಯಬೇಕು. ವೇಗ ಬೇರೆ, ತಡ ಬೇರೆ. ಧೋ ಎಂದು ಸುರಿಯುವ ನಳದಲ್ಲೂ, ತಿರುವಿದ ಎಷ್ಟೋ ಹೊತ್ತಿನ ಮೇಲೆ ನೀರು ಬರಬಹುದಲ್ಲ, ಹಾಗೆ. ಇಂಥ ಪಟ್ಟಿ ಕೈಯಲ್ಲಿದ್ದವನಿಗೆ ತಾನೇ ಊರ ಗೌಡ ಅನ್ನಿಸಿಬಿಡುತ್ತದೆ. ನನಗೆ ಅನ್ನಿಸಿತು.

ಒಂದು ದಿನ ನಿನ್ನ ಗಂಡ ಅಶೋಕ ಮಾಸ್ತರರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ಮಂದಿಯ ಮುಂದೆ ಅಂದರು: "ಮಲ್ಲಪ್ಪಾ, ನಿನ್ನ ನೆಟ್ಟಿಗಿಂತ ನಮ್ಮಜ್ಜನ ಚಕ್ಕಡಿ ಜೋರ್ ಹೋಗ್ತಿತ್ತಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಗಡಿಗೆ ಬಂದವನೇ ಪಟ್ಟಿ ತೆರೆದು ಅವರ ಹೆಸರಿನ ಮುಂದೆ ತಡ ಹಾಕಿದೆ — ಒಮ್ಮೆ ಅರ್ಧ ಸೆಕೆಂಡು, ಒಮ್ಮೆ ಒಂದು, ಒಂದೇ ಸಮ ಇರದ ಹಾಗೆ. ವೇಗ ಇಳಿಸಿದ್ದರೆ ಮಾಸ್ತರರು ಹಿಡಿಯುತ್ತಿದ್ದರು. ತಡವನ್ನು ಈ ಊರಲ್ಲಿ ಯಾರೂ ಅಳೆಯುತ್ತಿರಲಿಲ್ಲ.

ನನ್ನ ಪಟ್ಟಿಯಲ್ಲಿರುವುದೆಲ್ಲ ಗಂಡಸರ ಹೆಸರು. ಮನೆಯ ಲೈನು ಯಜಮಾನನ ಹೆಸರಿಗೆ, ಅದೇ ನಮ್ಮ ಪದ್ಧತಿ. ಸಂಜೆ ಐದಕ್ಕೆ ಆ ಯಜಮಾನ ಇನ್ನೂ ಕುಂದಗೋಳದಿಂದ ಬರುವ ಬಸ್ಸಿನಲ್ಲಿರುತ್ತಾನೆ, ಆ ಹೊತ್ತಿಗೆ ಫೋನಿನ ಮುಂದೆ ಕೂಡುವವಳು ನೀನು — ಇದು ನನ್ನ ತಲೆಗೆ ಬರಲೇ ಇಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಧಾರವಾಡಕ್ಕೆ ಹೋಗಲಾಗದೆ ನೀನು ಗುರುಗಳ ಹತ್ತಿರ ಫೋನಿನ ವಿಡಿಯೊದಲ್ಲೇ, ನನ್ನ ನೆಟ್ಟಿನ ಮೇಲೆ ಹಾಡು ಕಲಿಯುತ್ತಿದ್ದೆ. ವರ್ಷ ತುಂಬಿದ ಮೇಲೆ ಶಿಷ್ಯಳೆಂದು ಒಪ್ಪಿ, ಮಂದಿಯ ಮುಂದೆ ಕೂಡಿಸಿ ಹಾಡಿಸುತ್ತೇನೆ ಅಂದಿದ್ದರಂತೆ. ನಿನಗೆ ಅದಕ್ಕಿಂತ ದೊಡ್ಡದು ಬೇರೇನೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಎರಡು ವಾರದ ಮೇಲೆ ನೀನು ನನ್ನನ್ನು ಕರೆಸಿದೆ. ನಾನು ಬಂದಾಗ ಪಾಠ ನಡೆದಿತ್ತು. ಗುರುಗಳು ಅಲ್ಲಿ ಕೈಯಲ್ಲಿ ತಾಳ ಹಾಕುತ್ತಿದ್ದರು, ನೀನು ಇಲ್ಲಿ ಅದಕ್ಕೆ ಹಾಡುತ್ತಿದ್ದೆ. ಅವರ ಚಪ್ಪಾಳೆ ನಿನಗೆ ತಡವಾಗಿ ಮುಟ್ಟುತ್ತಿತ್ತು, ನಿನ್ನ ದನಿ ಅವರಿಗೆ ಇನ್ನೂ ತಡವಾಗಿ. ನಡುವೆ ನಾನಿದ್ದೆ — ಇಬ್ಬರಿಗೂ ಕಾಣದಂತೆ.

"ಎಲ್ಲಾರದೂ ಜರಾ ತಡಾ ಬರತದ ತಂಗಿ, ಅದನ್ನ ನಾ ಹಿಡಕೋತೀನಿ," ಅಂದರು ಫೋನಿನಲ್ಲಿದ್ದ ಮುದುಕ ಗುರುಗಳು. "ನಿಂದು ಹಂಗಲ್ಲ. ಒಮ್ಮೆ ಹಿಂದ, ಒಮ್ಮೆ ಭಾಳ ಹಿಂದ. ಸ್ವರ ಚಲೋ ಅದ. ಲಯಾನ ಇಲ್ಲ."

ನೀನು ನನ್ನ ಕಡೆ ತಿರುಗಿದೆ. "ಅಣ್ಣಾ, ಲೈನಿನಾಗ ಏನರ ತಡಾ ಆಗಾಕತ್ತೈತೇನ್ರಿ? ಖರೇ ಹೇಳ್ರಿ."

ಆಗ ಗೊತ್ತಾಯಿತು. ಗೊತ್ತಾಗುವವರೆಗಿನದು ತಪ್ಪು, ಆಮೇಲೆ ಮಾಡಿದ್ದು ಪಾಪ. ನಿನ್ನ ಫೋನಿನಲ್ಲೇ ವೇಗ ಅಳೆದು ನಿನ್ನ ಮುಖದ ಮುಂದೆ ಹಿಡಿದೆ. ದೊಡ್ಡ ಅಂಕಿ ಬಂತು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ತಡದ ಅಂಕಿಯೂ ಇತ್ತು. ಅದರ ಮೇಲೆ ನನ್ನ ಹೆಬ್ಬೆರಳಿತ್ತು.

"ನೋಡವಾ, ಲೈನ್ ಅಗದಿ ಬರೋಬ್ಬರಿ ಐತಿ," ಅಂದೆ.

ಅವತ್ತೇ ಅಂಗಡಿಗೆ ಹೋಗಿ ಆ ತಡವನ್ನು ತೆಗೆದಿದ್ದರೆ — ಒಂದು ನಿಮಿಷದ ಕೆಲಸ. ಆದರೆ ಒಮ್ಮೆಲೇ ಸರಿಹೋದರೆ ಮಾಸ್ತರರಿಗೆ ಅನುಮಾನ ಬಂದೀತು, ಊರಲ್ಲಿ ಮಾನ ಹೋದೀತು ಎಂದು ದಿನಕ್ಕಿಷ್ಟು ದಿನಕ್ಕಿಷ್ಟು ಇಳಿಸುತ್ತ ಹೋದೆ. ಅಷ್ಟು ಜಾಣ ನಾನು! ಅದು ಪೂರ್ತಿ ಇಳಿಯುವ ಮೊದಲೇ ನೀನು ಹಾಡು ಬಿಟ್ಟೆ. ತಂಬೂರಿಯ ಪೆಟ್ಟಿಗೆಯನ್ನು ನೀನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ ಎಂದು ನನ್ನ ಹೆಂಡತಿ ಬಂದು ಹೇಳಿದಳು. ನಾನು ಉಣ್ಣುತ್ತಿದ್ದೆ. ಉಂಡು ಮುಗಿಸಿದೆ.

ಗುರುಗಳು ಹೋದ ವರ್ಷ ತೀರಿಕೊಂಡರು. ನಿನಗೆ ಲಯ ಇದೆ ಎಂದು ಹೇಳಬೇಕಾಗಿದ್ದ ಬಾಯಿ ಅದೊಂದೇ. ಅವರ ಹತ್ತಿರ ಹೋಗಿ ಕಾಲು ಹಿಡಿಯಲು ಐದು ವರ್ಷ ಸಮಯವಿತ್ತು ನನಗೆ, ದಿನಕ್ಕೆ ಎಷ್ಟೋ ಬಸ್ಸುಗಳಿದ್ದವು. ಈಗ ನಾನು ಎಷ್ಟು ಕೂಗಿ ಹೇಳಿದರೂ — ಸಂಗೀತದ ಗಂಧವಿಲ್ಲದ, ವೈರು ಎಳೆಯುವವನ ಮಾತು ಅದು. ನಿನ್ನೊಳಗೆ ಕೂತಿರುವ ಅವರ ಮಾತನ್ನು ಅದು ಎಬ್ಬಿಸಲಾರದು.

ಮೊನ್ನೆ ಸೋಮವಾರ ವೈರು ಬದಲಿಸಲು ನಿಮ್ಮ ಮನೆಗೆ ಬಂದಿದ್ದೆ. ನೀನು ಜೋಳ ಹಸನು ಮಾಡುತ್ತಿದ್ದೆ. ನಿನ್ನ ಮಗಳು ಕಟ್ಟೆಯ ಮೇಲೆ ಕೂತು, ತೊಡೆ ತಟ್ಟುತ್ತ ಹಾಡುತ್ತಿದ್ದಳು. ಶಾಲೆಯಲ್ಲಿ ಹಾಡುವವರ ಗುಂಪಿಗೆ ಹೆಸರು ಕೊಡಲೇ ಎಂದು ಕೇಳಿದಳು.

"ಬ್ಯಾಡವಾ," ಅಂದೆ ನೀನು. "ನಮ್ಮ ರಕ್ತದಾಗ ತಾಳ ಇಲ್ಲ. ನಾಕ ಮಂದ್ಯಾಗ ನಗಿಪಾಟಲ ಆಗೂದು ಬ್ಯಾಡ. ಬೇಕಾರ ಇವರ್ನ ಕೇಳು — ಆವಾಗ ಲೈನ್ ಬರೋಬ್ಬರಿ ಇತ್ತು. ಹೌದಿಲ್ರಿ, ಅಣ್ಣಾ?"

ಹುಡುಗಿ ನನ್ನ ಮುಖ ನೋಡಿದಳು.

"ಹೌದವಾ," ಅಂದೆ ನಾನು. ತೊಡೆಯ ಮೇಲೆ ಅವಳ ಕೈ ನಿಂತಿತು.

ಕ್ಷಮಿಸು ಎನ್ನುವುದಿಲ್ಲ, ಆ ಮುಖ ನನಗಿಲ್ಲ. ನಿನ್ನದು ಹೋಯಿತು, ಅದನ್ನು ನಾನು ತಂದುಕೊಡಲಾರೆ. ಈ ಕಾಗದ ನಾಳೆ ನಾನೇ ತರುತ್ತೇನೆ, ನೀನು ಓದಿ ಮುಗಿಸುವ ತನಕ ಕಟ್ಟೆಯ ಮೇಲೆ ಕೂತಿರುತ್ತೇನೆ. ಮಾಸ್ತರರೂ ಇರಲಿ. ಅವರು ಬೈದದ್ದಾದ ಮೇಲೆ ಮಗಳನ್ನು ಕರೆ. ಆ "ಹೌದವಾ"ವನ್ನು ಅವಳ ಮುಂದೆಯೇ ವಾಪಸು ತಗೊಳ್ಳಬೇಕು. ಅವಳು ನಂಬುತ್ತಾಳೆಂಬ ಭರವಸೆ ನನಗಿಲ್ಲ. ಅವಳು ನಂಬುವುದು ನಿನ್ನನ್ನು, ನೀನು ನಂಬಿದ್ದು ನನ್ನನ್ನು.