ಗ್ರೀಕ್ ರಾಣಿಯ ನೂಲು

ಹೋದ ವರ್ಷ ಮಾಗಿಯ ಒಂದು ಸೋಮವಾರ, ಮಧ್ಯಾಹ್ನ ನಾಲ್ಕಕ್ಕೆ, ನವಲಗುಂದದ ನಮ್ಮ ಪಕ್ಕದ ಮನೆಯಲ್ಲಿ ಚಾಚಿಯ ಮಗ್ಗದ ಎಡಕ್ಕೆ ನಾನು ನಿಂತಿದ್ದೆ. ಕೈಯಲ್ಲಿ ಲೇಖಕಿಯೊಬ್ಬರು ಗ್ರೀಕ್ ಪುರಾಣವನ್ನು ಹೊಸದಾಗಿ ಹೇಳಿದ ಕಾದಂಬರಿಯಿತ್ತು. ಜಮಖಾನ ನೇಯುವ ಚಾಚಿಗೆ, ನಿಮ್ಮಂಥ ನೇಕಾರ್ತಿಯ ಕಥೆ ಎಂದು ಆಸೆ ಹುಟ್ಟಿಸಿ ಎಂಟು ದಿನದಿಂದ ಓದಿ ಹೇಳುತ್ತಿದ್ದೆ.

ಅಂದಿನ ಅಧ್ಯಾಯದಲ್ಲಿ, ಬಟ್ಟೆ ನೇಯ್ದು ಮುಗಿದ ಮೇಲೆಯೇ ಮರುಮದುವೆ ಎಂದು ಮಾತು ಕೊಟ್ಟ ರಾಣಿ, ಅದನ್ನು ತಪ್ಪಿಸಿಕೊಳ್ಳಲು ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಾಳೆ. ಹೀಗೆ ಮೂರು ವರ್ಷ.

ಚಾಚಿ ನೂಲು ಬಡಿಯುವ ಪಂಜಾ ಕೆಳಗಿಟ್ಟರು. “ಅದ ನೂಲೇನು ತಮ್ಮಾ, ಮೂರು ವರ್ಷಾನೂ?”

“ಹೌದ್ರಿ ಚಾಚಿ.”

“ಬರೆದಾಕಿ ಮಗ್ಗದ ಮುಂದ ಒಂದ ದಿನಾನೂ ಕುಂತಿಲ್ಲ ಬಿಡು.”

ಬೆಳಗಿನಿಂದ ನೇಯ್ದಿದ್ದರಲ್ಲಿ ಎರಡು ಬೆರಳಷ್ಟು ಬಿಚ್ಚಿ ನೂಲನ್ನು ನನ್ನ ಅಂಗೈಗಿಟ್ಟರು. ಪಂಜಾದ ಹೊಡೆತಕ್ಕೆ ಅದು ಸುಕ್ಕಾಗಿತ್ತು, ನವಿರೆದ್ದಿತ್ತು. ಮೆಲ್ಲಗೆ ಎಳೆದರೂ ಹರಿಯಿತು. ಉಳಿದ ಪುಟಗಳನ್ನು ನಿಂತಲ್ಲೇ ತಿರುವಿದೆ. ರಾಣಿಯ ಕಣ್ಣೀರು ಪುಟಗಟ್ಟಲೆ ಇತ್ತು. ನೂಲು ಏನಾಯಿತೆಂದು ಒಂದು ಸಾಲೂ ಇರಲಿಲ್ಲ.

“ಓದೂದು ಸಾಕು,” ಎಂದು ಚಾಚಿ ಹೊಸ ನೂಲು ತೆಗೆದುಕೊಂಡರು. ಮತ್ತೆ ನನ್ನಿಂದ ಏನನ್ನೂ ಓದಿಸಲಿಲ್ಲ.

ಅವರು ಈಗಿಲ್ಲ. ಅಂದು ಮಗ್ಗದ ಬಲಕ್ಕೆ ಕೂತು ನೂಲು ಸುತ್ತುತ್ತಿದ್ದ ಅವರ ಸೊಸೆ ಎಲ್ಲವನ್ನೂ ನೋಡಿದ್ದಾಳೆ. ಅದೇ ಮಗ್ಗದಲ್ಲಿ ಈಗ ಅವಳು ನೇಯುತ್ತಾಳೆ.